ಮಾತ್ರೆಯ ಜೊತೆ ಊಟದ ಮಾತೂ ಬೇಕು

‘ದಂಗಲ್’ ಚಿತ್ರದಲ್ಲಿ ಪುಟ್ಟ ಬಬಿತಾಳ ಪಾತ್ರ ಮಾಡಿದ್ದ ಸುಹಾನಿ ಭಟ್ನಾಗರ್ 2024ರ ಫೆಬ್ರವರಿಯಲ್ಲಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅವಳಿಗಾಗ ಕೇವಲ 19 ವರ್ಷ. ಡರ್ಮಟೊಮಯೋಸೈಟಿಸ್ ಎಂಬ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದು ಅದೇ ಮೊದಲು. ಕೈಯ ಊತದಿಂದ ಆರಂಭವಾದದ್ದು ಶ್ವಾಸಕೋಶದವರೆಗೆ ಹೋಯಿತು, ರೋಗ ಯಾವುದೆಂದು ತಿಳಿಯುವ ಹೊತ್ತಿಗೆ ತಡವಾಗಿತ್ತು ಎಂದು ಆಗ ಪತ್ರಿಕೆಗಳು ಬರೆದವು. ಎರಡು ದಿನ ಎಲ್ಲರ ಮೊಬೈಲಿನಲ್ಲಿ ಆ ಸುದ್ದಿ ಓಡಾಡಿತು. ಮೂರನೆಯ ದಿನ ನಾವು ಅದನ್ನು ಮರೆತೆವು.

ಕಾಯಿಲೆ ಅಪರೂಪದ್ದೇ, ನಿಜ. ಆದರೆ ಅದು ಮನೆಗೆ ಬಂದ ಮೇಲೆ ಅಪರೂಪ ಎಂಬ ಮಾತಿಗೆ ಅರ್ಥವಿರುವುದಿಲ್ಲ. ವರ್ಷಗಟ್ಟಲೆ ಮಾತ್ರೆ ನುಂಗಬೇಕು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಆ ವರ್ಷಗಳಲ್ಲಿ ನೀವು ತಜ್ಞ ವೈದ್ಯರನ್ನು ನೋಡುವುದು ಎರಡು ಮೂರು ತಿಂಗಳಿಗೊಮ್ಮೆ. ಕೆಂಗೇರಿಯ ನಿಮ್ಮ ಬೀದಿಯ ಮೆಡಿಕಲ್ ಶಾಪನ್ನು ಮಾತ್ರ ತಿಂಗಳಿಗೆ ಮೂರು ಸಲವಾದರೂ ನೋಡುತ್ತೀರಿ. ಈ ಲೇಖನ ಆ ಮೆಡಿಕಲ್ ಶಾಪಿನ ಕೌಂಟರಿನ ಬಗ್ಗೆ. ಅಲ್ಲಿ ಹಣ ಮತ್ತು ಮಾತ್ರೆ ಕೈ ಬದಲಾಗುತ್ತವೆ, ಮಾತು ಆಗುವುದಿಲ್ಲ. ಆ ಮಾತನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು ಎಂಬುದು ನನ್ನ ವಾದ.

ಮೊದಲು ಕಾಯಿಲೆಯ ಪರಿಚಯ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ನಮ್ಮದೇ ಸ್ನಾಯುಗಳ ಮೇಲೆ ಬೀಳುತ್ತದೆ. ಇದಕ್ಕೆ ಒಟ್ಟಾಗಿ ಮಯೋಸೈಟಿಸ್ ಎನ್ನುತ್ತಾರೆ. ಚರ್ಮಕ್ಕೂ ತಗುಲಿದರೆ ಡರ್ಮಟೊಮಯೋಸೈಟಿಸ್. ಇದು ಮಕ್ಕಳಿಗೂ ಬರುತ್ತದೆ, ದೊಡ್ಡವರಲ್ಲಿ ಹೆಂಗಸರಿಗೆ ಹೆಚ್ಚು. ಒಬ್ಬರಿಂದ ಇನ್ನೊಬ್ಬರಿಗೆ ಅಂಟುವ ರೋಗವಲ್ಲ. ಕೈ ಬೆರಳುಗಳ ಬಲಕ್ಕಿಂತ ಮೊದಲು ಸೊಂಟ, ತೊಡೆ, ಭುಜಗಳ ಬಲ ಕುಗ್ಗುವುದು ಇದರ ಗುರುತು. ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕಾಗುತ್ತದೆ, ತಲೆ ಬಾಚಲು ಕೈ ಮೇಲೇಳುವುದಿಲ್ಲ.

ನಮ್ಮ ಮನೆಗಳಲ್ಲಿ ಇದು ಮೊದಲು ಕಾಣುವುದು ನಮಾಝಿನಲ್ಲಿ. ಸುಜೂದ್‌ನಿಂದ ಎದ್ದು ನಿಲ್ಲಲು ನೆಲಕ್ಕೆ ಎರಡೂ ಕೈ ಊರಬೇಕಾಗುವುದು, ತೊಡೆಯ ಮೇಲೆ ಕೈಯಿಟ್ಟು ಮೈಯನ್ನು ಹಂತ ಹಂತವಾಗಿ ಮೇಲೆತ್ತುವುದು, ತಕ್‌ಬೀರ್‌ಗೆ ಎತ್ತಿದ ಕೈ ಭಾರವೆನಿಸುವುದು. ದಿನಕ್ಕೆ ಐದು ಹೊತ್ತು ಬಗ್ಗಿ ಏಳುವವರಿಗೆ ಈ ಬದಲಾವಣೆ ಬೇಗ ತಿಳಿಯಬೇಕು. ಆದರೆ ನಾವು ಏನು ಮಾಡುತ್ತೇವೆ? ವಯಸ್ಸಾಯಿತು ಎನ್ನುತ್ತೇವೆ, ಅಮ್ಮನಿಗೆ ಕುರ್ಚಿ ತಂದುಕೊಡುತ್ತೇವೆ. ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲು ರೋಗಿಗೆ ಅನುಮತಿ ಇದೆ, ಕುರ್ಚಿ ಕೊಡಿ. ಆದರೆ ಎರಡು ಮೂರು ತಿಂಗಳಲ್ಲಿ ಒಬ್ಬರಿಗೆ ಕುರ್ಚಿ ಬೇಕಾಯಿತೆಂದರೆ ಏಕೆ ಎಂದು ಕೇಳಿ. ಮೂವತ್ತೈದು ವರ್ಷದ ಹೆಣ್ಣುಮಗಳಿಗೆ ಬೇಕಾದರೆ ಒಂದು ವಾರವೂ ಕಾಯಬೇಡಿ.

ಚರ್ಮದ ಗುರುತುಗಳೂ ಇವೆ. ಕಣ್ಣಿನ ರೆಪ್ಪೆಯ ಮೇಲೆ ನೇರಳೆ ಛಾಯೆ, ಬೆರಳ ಗೆಣ್ಣುಗಳ ಮೇಲೆ ಗಂಟು ಗಂಟಾದ ಕಲೆ, ಎದೆಯ ಮೇಲ್ಭಾಗ ಮತ್ತು ಬೆನ್ನ ಮೇಲೆ ಶಾಲು ಹೊದ್ದಂತೆ ಕೆಂಪು. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ, ಕಪ್ಪಗೆ ಮಂಕಾಗಿ ಕಾಣುತ್ತದೆ. ಹಾಗಾಗಿ ಕೆಲವರು ದೃಷ್ಟಿ ತಾಗಿತು ಎನ್ನುತ್ತಾರೆ, ಇನ್ನು ಕೆಲವರು ಮೆಡಿಕಲ್ ಶಾಪಿನಿಂದ ಬಿಳುಪಿನ ಕ್ರೀಮ್ ತಂದು ಹಚ್ಚುತ್ತಾರೆ. ಚೀಟಿಯಿಲ್ಲದೆ ಕೈಗೆ ಬರುವ ಅಂಥ ಎಷ್ಟೋ ಕ್ರೀಮ್‌ಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಅದು ಕಲೆಯನ್ನು ಮಂಕು ಮಾಡುತ್ತದೆ, ಒಳಗೆ ರೋಗ ಬೆಳೆಯುತ್ತಿರುತ್ತದೆ.

ಇನ್ನೊಂದು ಗೊಂದಲವಿದೆ. ಸ್ನಾಯು ಹಾಳಾದಾಗ ರಕ್ತದಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಏರುತ್ತವೆ. ಈ ಎರಡನ್ನೂ ನಾವು ಲಿವರ್ ಪರೀಕ್ಷೆ ಎಂದೇ ತಿಳಿದಿದ್ದೇವೆ. ವರದಿ ನೋಡಿದವರು ಕಾಮಾಲೆ ಎಂದು ನಾಟಿ ಔಷಧ ಕುಡಿಸಿ ತಿಂಗಳು ಕಳೆಯುತ್ತಾರೆ. ಆಗ ಕೇಳಬೇಕಾದ ಪರೀಕ್ಷೆ ಸಿಪಿಕೆ. ಅದು ಸಾಮಾನ್ಯರಲ್ಲಿ ಸುಮಾರು 200ರೊಳಗೆ ಇರುತ್ತದೆ, ಈ ಕಾಯಿಲೆಯಲ್ಲಿ ಸಾವಿರಗಳಿಗೆ ಏರಬಹುದು. ಕೆಲವು ರೋಗಿಗಳಲ್ಲಿ ಏರದೆಯೂ ಇರುವುದುಂಟು. ತೊಡೆ ಸೋತರೆ ಮಯೋಸೈಟಿಸ್ಸೇ ಎಂದು ಹೆದರಬೇಕಾಗಿಯೂ ಇಲ್ಲ. ವಿಟಮಿನ್ ಡಿ ತೀರ ಕಡಿಮೆಯಾದರೂ, ಥೈರಾಯ್ಡ್ ಕೈಕೊಟ್ಟರೂ, ಕೊಲೆಸ್ಟರಾಲ್‌ಗೆ ಕೊಡುವ ಸ್ಟಾಟಿನ್ ಮಾತ್ರೆಯಿಂದಲೂ ಇದೇ ಸೋಲು ಬರುತ್ತದೆ. ಬಿಸಿಲು ಕಾಣದ ಮನೆಯೊಳಗೇ ದಿನ ಕಳೆಯುವ ನಮ್ಮ ಹೆಂಗಸರಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ. ಯಾವುದೆಂದು ಬಿಡಿಸಿ ಹೇಳುವುದು ವೈದ್ಯರ ಕೆಲಸ. ಕೆಂಗೇರಿಯವರಿಗೆ ದಾರಿಗಳೂ ಇವೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರ ಮತ್ತು ಸ್ನಾಯು ರೋಗಗಳನ್ನು ನೋಡುವ ತಜ್ಞರಿದ್ದಾರೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿದು ಇಎಸ್‌ಐ ಕಾರ್ಡ್ ಪಡೆದವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ. ಕೀಲು ಮತ್ತು ಸ್ವಯಂನಿರೋಧಕ ರೋಗಗಳ ತಜ್ಞರು, ಅಂದರೆ ರುಮಟಾಲಜಿಸ್ಟ್‌ಗಳು, ಈಗ ಪಶ್ಚಿಮ ಬೆಂಗಳೂರಿನಲ್ಲೂ ಸಿಗುತ್ತಾರೆ.

ಚಿಕಿತ್ಸೆಯ ಬೆನ್ನೆಲುಬು ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್. ಮೊದಲು ದೊಡ್ಡ ಪ್ರಮಾಣದಲ್ಲಿ ಕೊಟ್ಟು, ತಿಂಗಳುಗಳ ಕಾಲ ಮೆಲ್ಲಗೆ ಇಳಿಸುತ್ತಾರೆ. ಜೊತೆಗೆ ಮೆಥೊಟ್ರೆಕ್ಸೇಟ್, ಅಝಥಯೋಪ್ರಿನ್ ಅಥವಾ ಮೈಕೊಫಿನೊಲೇಟ್ ಸೇರಿಸುತ್ತಾರೆ. ಇವುಗಳಿಗೆ ಬಗ್ಗದಿದ್ದರೆ ರಿಟುಕ್ಸಿಮಾಬ್, ಇಲ್ಲವೇ ಐವಿಐಜಿ ಎಂಬ ದುಬಾರಿ ಇಂಜೆಕ್ಷನ್. ಹಿಂದೆ ಇಂಥ ರೋಗಿಗೆ ಹಾಸಿಗೆ ಬಿಟ್ಟು ಏಳಬೇಡ ಎನ್ನುತ್ತಿದ್ದರು. ವೈದ್ಯರ ನಿಗಾದಲ್ಲಿ ಮಾಡಿದ ವ್ಯಾಯಾಮ ಸ್ನಾಯುವನ್ನು ಹಾಳು ಮಾಡುವುದಿಲ್ಲ, ಬಲ ತರುತ್ತದೆ ಎಂದು ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು ತೋರಿಸಿದ ಮೇಲೆ ಆ ಮಾತು ಬದಲಾಯಿತು. ಸರಿಯಾದ ಚಿಕಿತ್ಸೆ ಸಿಕ್ಕ ಅನೇಕರು ಮತ್ತೆ ಎದ್ದು ಓಡಾಡುತ್ತಾರೆ, ದುಡಿಯುತ್ತಾರೆ, ನೆಲದ ಮೇಲೆ ನಮಾಝ್ ಮಾಡುತ್ತಾರೆ.

ಇಷ್ಟು ಆಸ್ಪತ್ರೆಯ ಮಾತು. ಈಗ ಕೌಂಟರಿಗೆ ಬನ್ನಿ.

ಪ್ರೆಡ್ನಿಸೊಲೋನ್ ತೆಗೆದುಕೊಳ್ಳುವವರಿಗೆ ಹಸಿವು ಹೆಚ್ಚುತ್ತದೆ. ಸಕ್ಕರೆ ಏರುತ್ತದೆ, ಉಪ್ಪು ಮತ್ತು ನೀರು ಮೈಯಲ್ಲಿ ನಿಲ್ಲುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ, ಮೂಳೆ ಸವೆಯುತ್ತದೆ. ಸ್ನಾಯು ಉಳಿಸಲು ಕೊಟ್ಟ ಔಷಧ ಬಹಳ ದಿನವಾದಾಗ ಸ್ನಾಯುವನ್ನೇ ತೆಳ್ಳಗಾಗಿಸುವುದೂ ಉಂಟು. ಇವುಗಳಲ್ಲಿ ಹೆಚ್ಚಿನದನ್ನು ತಟ್ಟೆಯಲ್ಲಿ ಏನಿದೆ ಎಂಬುದರಿಂದ ಸ್ವಲ್ಪವಾದರೂ ತಡೆಯಬಹುದು. ದೊಡ್ಡ ಆಸ್ಪತ್ರೆಯಲ್ಲಿ ವೈದ್ಯರಿಗೆ ಸಿಗುವ ಐದು ನಿಮಿಷದಲ್ಲಿ ಅದನ್ನೆಲ್ಲ ಹೇಳಲಾಗುವುದಿಲ್ಲ. ಡಯಟೀಷಿಯನ್ ಹತ್ತಿರ ಹೋಗಲು ಮತ್ತೊಂದು ದಿನದ ಕೂಲಿ ಬಿಡಬೇಕು. ಉಳಿದದ್ದು ಫಾರ್ಮಸಿಸ್ಟ್. ನಿಮ್ಮ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ನೋಡುವವರು ಅವರೊಬ್ಬರೇ. ಬಿ.ಪಿ.ಯದು ಒಬ್ಬ ವೈದ್ಯರು ಬರೆದದ್ದು, ಥೈರಾಯ್ಡಿನದು ಇನ್ನೊಬ್ಬರದು, ಸ್ನಾಯುವಿನದು ಮೂರನೆಯವರದು. ಮೂರೂ ಚೀಟಿ ಬಂದು ಬೀಳುವುದು ಒಂದೇ ಕೌಂಟರಿನ ಮೇಲೆ.

ಒಂದು ಸರಳ ಉದಾಹರಣೆ ಕೊಡುತ್ತೇನೆ. ಪೊಟ್ಯಾಶಿಯಂ ಇಳಿದರೆ ಬಾಳೆಹಣ್ಣು, ಎಳನೀರು ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕೆಲವು ಬಿ.ಪಿ. ಮಾತ್ರೆಗಳು ಪೊಟ್ಯಾಶಿಯಂ ಏರಿಸುತ್ತವೆ, ಮೂತ್ರಪಿಂಡ ದುರ್ಬಲವಾದವರಲ್ಲೂ ಅದು ಏರುತ್ತದೆ. ಅಂಥವರಿಗೆ ದಿನಕ್ಕೆರಡು ಎಳನೀರು ಅಪಾಯ. ಪಕ್ಕದ ಮನೆಯ ಆಪಾಗೆ ಇದು ಗೊತ್ತಿರುವುದಿಲ್ಲ, ಯೂಟ್ಯೂಬಿಗೂ ಗೊತ್ತಿರುವುದಿಲ್ಲ. ನಿಮ್ಮ ಸ್ಟ್ರಿಪ್‌ಗಳನ್ನು ನೋಡಿದ ಫಾರ್ಮಸಿಸ್ಟ್‌ಗೆ ಗೊತ್ತಿರಬೇಕು.

ಸಕ್ಕರೆಯ ವಿಷಯ ಇನ್ನೂ ಸೂಕ್ಷ್ಮ. ಬೆಳಿಗ್ಗೆ ಸ್ಟೆರಾಯ್ಡ್ ನುಂಗಿದವರಿಗೆ ಸಕ್ಕರೆ ಏರುವುದು ಮಧ್ಯಾಹ್ನದ ಮೇಲೆ, ಸಂಜೆಯ ಹೊತ್ತಿಗೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಿ ‘ಶುಗರ್ ನಾರ್ಮಲ್’ ಎಂದು ನಿಶ್ಚಿಂತರಾಗುತ್ತೇವೆ. ಊಟವಾಗಿ ಎರಡು ಗಂಟೆಯ ನಂತರದ ಪರೀಕ್ಷೆಯನ್ನೂ ಮಾಡಿಸಿ.

ಉಪ್ಪು ದಿನಕ್ಕೆ ಒಟ್ಟು ಐದು ಗ್ರಾಮ್, ಅಂದರೆ ಒಂದು ಟೀ ಚಮಚದೊಳಗೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರೋಗ್ಯವಂತರಿಗೇ. ಬಿರಿಯಾನಿ ಜೊತೆ ಉಪ್ಪಿನಕಾಯಿ, ಹಪ್ಪಳ, ಸಂಜೆ ಬೇಕರಿಯ ಖಾರಾ ಬಿಸ್ಕತ್ತು ಸೇರಿದರೆ ಆ ಚಮಚ ಎಲ್ಲಿಗೆ ಮುಟ್ಟುತ್ತದೆ ಎಂದು ನೀವೇ ಲೆಕ್ಕ ಹಾಕಿ. ಬಿರಿಯಾನಿ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಉಪ್ಪಿನಕಾಯಿಯ ಜಾಗಕ್ಕೆ ಸೌತೆಕಾಯಿ ಮೊಸರು ಬರಲಿ.

ಕಾಲಿಗೆ ಶಕ್ತಿ ಬರಲೆಂದು ಪಾಯಾ ಕುಡಿಸುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿದೆ. ರುಚಿಗೆ ಎರಡು ಮಾತಿಲ್ಲ. ಆದರೆ ಮೂಳೆಯನ್ನು ಎಷ್ಟು ಹೊತ್ತು ಕುದಿಸಿದರೂ ಸಾರಿಗೆ ಇಳಿಯುವ ಕ್ಯಾಲ್ಸಿಯಂ ತೀರ ಕಡಿಮೆ, ಸಿಗುವುದು ಜಿಲಾಟಿನ್ ಮತ್ತು ಕೊಬ್ಬು. ನಮ್ಮ ಊರಿನ ರಾಗಿ ಅದಕ್ಕಿಂತ ಎಷ್ಟೋ ಮುಂದೆ. 100 ಗ್ರಾಮ್ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಮ್ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿನಲ್ಲಿ ಸುಮಾರು 120. ಸ್ಟೆರಾಯ್ಡ್ ತೆಗೆದುಕೊಳ್ಳುವ ದೊಡ್ಡವರಿಗೆ ದಿನಕ್ಕೆ 1000ದಿಂದ 1200 ಮಿಲಿಗ್ರಾಮ್ ಬೇಕು. ರಾಗಿ ಗಂಜಿ, ಮೊಸರು, ಸೊಪ್ಪು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಇವುಗಳಿಂದ ಹೆಚ್ಚಿನ ಪಾಲು ತುಂಬುತ್ತದೆ, ಉಳಿದದ್ದಕ್ಕೆ ಮಾತ್ರೆ. ಆ ಕ್ಯಾಲ್ಸಿಯಂ ಮಾತ್ರೆಯನ್ನು ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ, ನಡುವೆ ನಾಲ್ಕು ಗಂಟೆಯ ಅಂತರ ಬೇಕು. ಇದನ್ನು ಹೇಳಲು ಹತ್ತು ಸೆಕೆಂಡು ಸಾಕು. ಎಷ್ಟು ಕೌಂಟರಿನಲ್ಲಿ ಹೇಳುತ್ತಾರೆ?

ಪ್ರೋಟೀನ್ ಭಾನುವಾರದ ಮಟನ್‌ನಿಂದ ಆಗುವ ಕೆಲಸವಲ್ಲ. ದಿನವೂ ಬೇಕು: ಮೊಟ್ಟೆ, ಬೇಳೆ, ಮೀನು, ಮೊಸರು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಮ್ ಇರುತ್ತದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ನಡೆಯುತ್ತಿರುವುದರಿಂದ ಎಲ್ಲವೂ ಚೆನ್ನಾಗಿ ಬೆಂದಿರಬೇಕು. ಅರೆಬೆಂದ ಮೊಟ್ಟೆ, ಕಾಯಿಸದ ಹಾಲು, ಒಳಗೆ ಕೆಂಪಗಿರುವ ಕಬಾಬ್ ಬೇಡ. ಈ ಕಾಯಿಲೆ ಗಂಟಲಿನ ಸ್ನಾಯುವಿಗೂ ಬರುತ್ತದೆ. ನೀರು ಕುಡಿದಾಗ ಕೆಮ್ಮು, ಅನ್ನ ಗಂಟಲಲ್ಲಿ ನಿಂತಂತೆ ಆಗುವುದು ಕಂಡರೆ ಅದು ಆಸ್ಪತ್ರೆಗೆ ತುರ್ತಾಗಿ ಹೇಳಬೇಕಾದ ಲಕ್ಷಣ. ಅಲ್ಲಿಯವರೆಗೆ ನೇರವಾಗಿ ಕೂರಿಸಿ, ಮೆತ್ತಗಿನದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಮಲಗಿದವರಿಗೆ ಕುಡಿಸಬೇಡಿ.

ಕೌಂಟರಿನಲ್ಲಿ ಆಹಾರದ ಸಲಹೆಯೇ ಇಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಇದೆ, ಆದರೆ ಅದು ಡಬ್ಬಿಯ ರೂಪದಲ್ಲಿದೆ. ‘ಸುಸ್ತಾ? ಈ ಪೌಡರ್ ತಗೊಳ್ಳಿ’ ಎಂಬುದು ಸಲಹೆಯಲ್ಲ, ವ್ಯಾಪಾರ. ಈ ರೋಗಿಗಳಿಗೆ ಆ ವ್ಯಾಪಾರ ಅಪಾಯಕಾರಿಯೂ ಆಗಬಹುದು. ಸ್ಪಿರುಲಿನಾವನ್ನೇ ನೋಡಿ. ಮೈಸೂರಿನ ಸಿಎಫ್‌ಟಿಆರ್‌ಐ ಅದರಿಂದ ಚಿಕ್ಕಿ ಮಾಡುವುದನ್ನು ಕಲಿಸಿತು, ಪೌಷ್ಟಿಕತೆಯ ಕೊರತೆ ಇರುವ ಮಕ್ಕಳಿಗೆ ಅದು ಒಳ್ಳೆಯ ಆಹಾರವೇ. ಆದರೆ ರೋಗನಿರೋಧಕ ವ್ಯವಸ್ಥೆಯನ್ನು ಚುರುಕುಗೊಳಿಸುವ ಅದೇ ಗುಣದಿಂದ ಡರ್ಮಟೊಮಯೋಸೈಟಿಸ್ ಕೆರಳಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕೊರೊನಾ ಕಾಲದಿಂದ ಮನೆಮನೆಗೆ ಬಂದ ಅಮೃತಬಳ್ಳಿ ಕಷಾಯದ ನಂತರ ಲಿವರ್ ಹಾಳಾದವರ ಬಗ್ಗೆ ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ತನ್ನದೇ ಮೈ ವಿರುದ್ಧ ಯುದ್ಧಕ್ಕಿಳಿದಿರುವ ವ್ಯವಸ್ಥೆಗೆ ‘ಇಮ್ಯೂನಿಟಿ ಬೂಸ್ಟರ್’ ಕೊಡುವುದರಲ್ಲಿ ಏನು ಅರ್ಥವಿದೆ? ದೇವನಹಳ್ಳಿಯ ಚಕ್ಕೋತ ಕೂಡ, ನಿರುಪದ್ರವಿ ಹಣ್ಣು, ಟಾಕ್ರೊಲಿಮಸ್ ಮಾತ್ರೆ ನುಂಗುವವರಲ್ಲಿ ಔಷಧದ ಮಟ್ಟವನ್ನು ಏರಿಸುತ್ತದೆ. ಹೀಗೆಂದು ಹೇಳಲು ಓದಿದವರೇ ಬೇಕು.

ಒಂದು ವಿಷಯವನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರೂ ತಪ್ಪಲ್ಲ. ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವ ಹೋಗಬಹುದು. ಲೋಕದ ನಾನಾ ಕಡೆ ಹೀಗೆ ಸಾವುಗಳಾಗಿವೆ. ‘ವಾರಕ್ಕೊಮ್ಮೆ’ ಎಂದು ಹೇಳಿ ಬಿಡುವ ಬದಲು ದಿನದ ಹೆಸರನ್ನೇ ಸ್ಟ್ರಿಪ್ಪಿನ ಮೇಲೆ ಕನ್ನಡದಲ್ಲೋ ಉರ್ದುವಿನಲ್ಲೋ ಬರೆಸಿಕೊಳ್ಳಿ. ಶುಕ್ರವಾರ ಎಂದು ಗೊತ್ತು ಮಾಡಿಕೊಂಡರೆ ನಮ್ಮ ಮನೆಗಳಲ್ಲಿ ಯಾರೂ ಮರೆಯುವುದಿಲ್ಲ. ಜೊತೆಗೆ ಬರೆಯುವ ಫೋಲಿಕ್ ಆ್ಯಸಿಡ್ ಬೇರೆ ಮಾತ್ರೆ, ಎರಡೂ ಹಳದಿ ಬಣ್ಣದ್ದಾಗಿದ್ದರೆ ಅದಲುಬದಲಾಗುತ್ತದೆ, ಬೇರೆ ಬೇರೆ ಡಬ್ಬಿಯಲ್ಲಿಡಿ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಮೆಥೊಟ್ರೆಕ್ಸೇಟ್ ಮತ್ತು ಮೈಕೊಫಿನೊಲೇಟ್ ವಿಷಯದಲ್ಲಿ ಮೊದಲೇ ವೈದ್ಯರ ಹತ್ತಿರ ಮಾತಾಡಲೇಬೇಕು.

ನಮಗೇ ವಿಶೇಷವಾದ ಒಂದು ತೊಡಕೂ ಇದೆ. ವಿಟಮಿನ್ ಡಿ ಮೆದು ಕ್ಯಾಪ್ಸೂಲ್‌ಗಳು ಹೆಚ್ಚಾಗಿ ಜಿಲಾಟಿನ್‌ನಿಂದ ಆದವು. ಅದು ಯಾವ ಪ್ರಾಣಿಯದೋ ಎಂಬ ಸಂಶಯದಿಂದ ಎಷ್ಟೋ ಮನೆಗಳಲ್ಲಿ ಅದನ್ನು ತಂದು ಕಪಾಟಿನಲ್ಲಿಡುತ್ತಾರೆ, ನುಂಗುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ನಾಚಿಕೆ ಬೇಡ, ಕೇಳಿ. ಅದೇ ವಿಟಮಿನ್ ಪುಡಿಯ ಸ್ಯಾಶೆ, ಮಾತ್ರೆ ಮತ್ತು ದ್ರವ ರೂಪದಲ್ಲೂ ಸಿಗುತ್ತದೆ. 60,000 ಯೂನಿಟ್‌ನದಾದರೆ ಅದೂ ದಿನ ನುಂಗುವುದಲ್ಲ, ವೈದ್ಯರು ಹೇಳಿದಂತೆ ವಾರಕ್ಕೋ ತಿಂಗಳಿಗೋ ಒಂದು.

ರಮಝಾನ್ ಬಂದಾಗ ಪ್ರಶ್ನೆ ಇನ್ನೂ ಗಂಭೀರ. ಬಹಳ ದಿನ ಸ್ಟೆರಾಯ್ಡ್ ತೆಗೆದುಕೊಂಡವರ ಮೈ ತನ್ನದೇ ಕಾರ್ಟಿಸಾಲ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಉಪವಾಸವೆಂದು ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ವಾಂತಿ, ತಲೆಸುತ್ತು, ಬಿ.ಪಿ. ಕುಸಿತ, ಪ್ರಜ್ಞೆ ತಪ್ಪುವುದು. ಇದು ಜೀವಕ್ಕೆ ಅಪಾಯ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇರುವುದು ಸೂರಃ ಅಲ್‌ಬಕರದಲ್ಲೇ ಸ್ಪಷ್ಟವಿದೆ, ಕಝಾ ಮತ್ತು ಫಿದ್ಯಾದ ದಾರಿ ತೆರೆದಿದೆ. ದೊಡ್ಡ ಪ್ರಮಾಣದ ಸ್ಟೆರಾಯ್ಡ್ ನಡೆಯುತ್ತಿರುವಾಗ ಹಠ ಮಾಡಿ ಉಪವಾಸ ಹಿಡಿಯುವುದನ್ನು ಮನೆಯವರು ಹೊಗಳಬಾರದು ಎಂದು ನಾನು ತಿಳಿದಿದ್ದೇನೆ. ಕಡಿಮೆ ಪ್ರಮಾಣಕ್ಕೆ ಬಂದವರು ಸಹ್ರಿಯಲ್ಲಿ ಮಾತ್ರೆ ತೆಗೆದುಕೊಂಡು ಉಪವಾಸ ಇರಬಹುದೇ ಎಂಬುದನ್ನು ಶಾಬಾನ್ ತಿಂಗಳಲ್ಲೇ ವೈದ್ಯರನ್ನೂ ಆಲಿಮರನ್ನೂ ಕೇಳಿ ತಿಳಿಯಲಿ. ಇರುವುದಾದರೂ ಸಕ್ಕರೆ ಏರುವ ಸಂಜೆಯ ಹೊತ್ತಿಗೇ ಇಫ್ತಾರ್ ಬರುತ್ತದೆ ಎಂಬುದು ನೆನಪಿರಲಿ. ಖರ್ಜೂರ ಒಂದೆರಡಕ್ಕೆ ನಿಲ್ಲಲಿ, ಶರಬತ್ತಿನ ಬದಲು ನೀರು ಇರಲಿ.

ಇದೆಲ್ಲ ಫಾರ್ಮಸಿಸ್ಟ್‌ನ ಕೆಲಸವೇ ಎಂದು ಕೇಳುವವರಿದ್ದಾರೆ. ಹೌದು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಔಷಧ ಕೊಡುವಾಗ ರೋಗಿಗೆ ತಿಳಿವಳಿಕೆ ಹೇಳುವುದನ್ನು ನೋಂದಾಯಿತ ಫಾರ್ಮಸಿಸ್ಟ್‌ನ ಕರ್ತವ್ಯ ಎಂದಿವೆ. 2008ರಲ್ಲಿ ದೇಶದಲ್ಲಿ ಫಾರ್ಮ್.ಡಿ. ಎಂಬ ಆರು ವರ್ಷದ ಓದು ಶುರುವಾಯಿತು. ರೋಗಿಯ ಹತ್ತಿರ ನಿಂತು ಕೆಲಸ ಮಾಡುವ ಫಾರ್ಮಸಿ ಶಿಕ್ಷಣಕ್ಕೆ ಅದಕ್ಕೂ ಮೊದಲೇ ದಾರಿ ತೋರಿಸಿದವುಗಳಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಒಂದು. ಓದಿದವರು ನಮ್ಮ ರಾಜ್ಯದಲ್ಲಿ ಇದ್ದಾರೆ. ಅವರು ನಮ್ಮ ಬೀದಿಯ ಕೌಂಟರಿನಲ್ಲಿ ಏಕೆ ಇಲ್ಲ? ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟ್, ಕೌಂಟರಿನ ಹಿಂದೆ ಇನ್ನೊಬ್ಬ ಹುಡುಗ. ಈ ದೃಶ್ಯ ನೀವೂ ನೋಡಿದ್ದೀರಿ.

ತಪ್ಪು ಅಂಗಡಿಯವರದೊಂದೇ ಅಲ್ಲ. ನಾವು ಕೇಳುವುದು ಎಷ್ಟು ಪರ್ಸೆಂಟ್ ಕಡಿತ ಎಂದು. ಮೊಬೈಲಿನಲ್ಲಿ ಇನ್ನೂ ಐದು ಪರ್ಸೆಂಟ್ ಕಡಿಮೆ ಸಿಕ್ಕರೆ ಅಲ್ಲಿಗೆ ಹೋಗುತ್ತೇವೆ. ಮಾತಿಗೆ ಬೆಲೆ ಕೊಡದ ಗಿರಾಕಿಗೆ ಮಾತು ಸಿಗುವುದಿಲ್ಲ. ಎರಡು ಗೆರೆಗಳನ್ನೂ ಎಳೆದುಕೊಳ್ಳೋಣ: ಫಾರ್ಮಸಿಸ್ಟ್ ರೋಗ ಪತ್ತೆ ಮಾಡಬಾರದು, ವೈದ್ಯರು ಬರೆದ ಪ್ರಮಾಣವನ್ನು ಬದಲಿಸಬಾರದು. ಸ್ಟೆರಾಯ್ಡನ್ನು ಚೀಟಿಯಿಲ್ಲದೆ ಕೊಡಲೇಬಾರದು, ಎಷ್ಟೇ ಪರಿಚಯದವರಾಗಿರಲಿ. ನಾವೂ ಕೇಳಬಾರದು.

ಸಂಜೆ ಆರರಿಂದ ಒಂಬತ್ತರವರೆಗೆ ಕೆಂಗೇರಿಯ ಯಾವ ಮೆಡಿಕಲ್ ಶಾಪಿನಲ್ಲೂ ನಿಂತು ಮಾತಾಡಲು ಆಗುವುದಿಲ್ಲ, ಅದು ಒಪ್ಪಬೇಕಾದ ಮಾತು. ಮಧ್ಯಾಹ್ನ ಲುಹರ್‌ನ ನಂತರ ಹೋಗಿ. ಒಂದೇ ಅಂಗಡಿಗೆ ಹೋಗಿ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ, ಹಕೀಮರ ಪುಡಿಯನ್ನೂ, ಆನ್‌ಲೈನಲ್ಲಿ ತರಿಸಿದ ಡಬ್ಬಿಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಫಾರ್ಮಸಿಸ್ಟ್ ಯಾರೆಂದು ಕೇಳಿ. ಯಾವುದನ್ನು ಊಟದ ಮೊದಲು, ಯಾವುದನ್ನು ನಂತರ, ಯಾವೆರಡು ಒಟ್ಟಿಗೆ ಬೇಡ, ಯಾವ ಆಹಾರ ಬೇಡ ಎಂದು ಬರೆಸಿಕೊಳ್ಳಿ. ಗೊತ್ತಿಲ್ಲ ಎಂದರೆ ಅವರು ಕೇಳಿ ತಿಳಿಯಲು ಜಾಗವಿದೆ: ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನ ಕಚೇರಿ ಇರುವುದು ವಿಜಯನಗರದಲ್ಲೇ, ಅದು ಔಷಧ ಮಾಹಿತಿ ಕೇಂದ್ರವನ್ನೂ ನಡೆಸುತ್ತದೆ. ಕೆಂಗೇರಿಯಿಂದ ಅಲ್ಲಿಗೆ ಈಗ ಮೆಟ್ರೊ ಬದಲಿಸದೆ ಹೋಗಬಹುದು.